ಬಾತ್‌ರೂಮ್ ಹೊಸದಾದ ಮೇಲೆ ನೀರು ನಿಲ್ಲುತ್ತಿದೆಯೇ? ಟೈಲ್ಸ್ ಒಡೆಯುವ ಮುಂಚೆ ಇವನ್ನು ನೋಡಿ

ಹಳೇ ಬಾತ್‌ರೂಮ್ ಒಡೆಸಿ ಹೊಸ ಟೈಲ್ಸ್ ಹಾಕಿಸಿದ್ದಾಯಿತು. ಶವರ್, ಬೇಸಿನ್, ಕಮೋಡ್ ಎಲ್ಲವೂ ಹೊಸದು. ಆದರೆ ಸ್ನಾನಕ್ಕೆ ನಿಂತರೆ ಹಿಮ್ಮಡಿ ಮುಳುಗುವಷ್ಟು ನೀರು ನಿಲ್ಲುತ್ತದೆ. ಬಟ್ಟೆ ಹಾಕಿಕೊಂಡು ಬಂದು ನೋಡಿದರೂ ಪೂರ್ತಿ ಹೋಗಿರುವುದಿಲ್ಲ. ಪ್ಲಂಬರ್‌ಗೆ ಫೋನ್ ಮಾಡಿದರೆ "ಟೈಲ್ಸ್‌ನವರು ಸಿಮೆಂಟ್ ಬಿಟ್ಟಿರ್ತಾರೆ ಸಾರ್, ಅವರನ್ನ ಕೇಳಿ" ಅನ್ನುತ್ತಾರೆ. ಟೈಲ್ಸ್ ಮೇಸ್ತ್ರಿಯನ್ನು ಕೇಳಿದರೆ "ಪೈಪ್ ಕೂರಿಸಿದ್ದೇ ಸರಿ ಇಲ್ಲ" ಅನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು "ಒಡೆದೇ ನೋಡ್ಬೇಕು" ಅಂದುಬಿಡುತ್ತಾರೆ.

ಒಡೆಯುವುದು ಕೊನೆಯ ಕೆಲಸ. ನೀರು ಎಲ್ಲಿ ತಡೆಯುತ್ತಿದೆ ಅನ್ನುವುದನ್ನು ಒಂದು ಬಕೆಟ್, ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆಯವರೇ ಹೆಚ್ಚುಕಡಿಮೆ ಕಂಡುಹಿಡಿಯಬಹುದು. ಜಾಗ ಗೊತ್ತಾದರೆ ಯಾರನ್ನು ಕರೆಸಬೇಕು ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ. ಹುಡುಕುವ ದಾರಿ ನೀರು ಹೋಗುವ ದಾರಿಯೇ: ನೆಲ, ಜಾಲಿ, ಟ್ರ್ಯಾಪ್ (ಜಾಲಿಯ ಕೆಳಗೆ ಸದಾ ಸ್ವಲ್ಪ ನೀರು ನಿಲ್ಲುವ ಬಾಗಿದ ಭಾಗ), ಪೈಪ್, ಚೇಂಬರ್ (ಪೈಪುಗಳು ಬಂದು ಸೇರುವ ಹೊರಗಿನ ಗುಂಡಿ). ಈ ಸಾಲನ್ನು ತಪ್ಪಿಸಿ ನೇರವಾಗಿ ಪೈಪಿಗೆ ಕೈ ಹಾಕಿದಾಗಲೇ ದುಡ್ಡು ಜಾಸ್ತಿ ಹೋಗುವುದು.

ಮೊದಲು ಏನನ್ನೂ ಸುರಿಯಬೇಡಿ

ನೀರು ನಿಂತ ಕೂಡಲೇ ಅಂಗಡಿಯಿಂದ ಆಸಿಡ್ ಅಥವಾ ಕಾಸ್ಟಿಕ್ ಸೋಡಾ ತಂದು ಸುರಿಯುವವರು ಬಹಳ ಜನ. ಹಳೇ ಬಾತ್‌ರೂಮಿನಲ್ಲಿ ಕೂದಲು, ಸೋಪು, ಜಿಡ್ಡು ಕಟ್ಟಿದ್ದರೆ ಕಾಸ್ಟಿಕ್ ಸ್ವಲ್ಪ ಕೆಲಸ ಮಾಡೀತು. ಆದರೆ ಈಗಷ್ಟೇ ಕೆಲಸ ಮುಗಿದ ಬಾತ್‌ರೂಮಿನಲ್ಲಿ ಕಟ್ಟಿರುವುದು ಬಹುತೇಕ ಸಿಮೆಂಟ್, ಗ್ರೌಟ್, ಮರಳು, ಇಲ್ಲವೇ ಪ್ಲಾಸ್ಟಿಕ್. ಕಾಸ್ಟಿಕ್‌ಗೆ ಇವು ಯಾವುವೂ ಕರಗುವುದಿಲ್ಲ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ ನಿಜ, ಆದರೆ ಟ್ರ್ಯಾಪಿನೊಳಗಿನ ಗಟ್ಟಿ ತಲುಪುವ ಮುಂಚೆ ಹೊಸ ಟೈಲ್ಸ್ ನಡುವಿನ ಗ್ರೌಟನ್ನೂ ಜಾಲಿಯ ಹೊಳಪನ್ನೂ ತಿಂದುಹಾಕುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ನೀವು ಸುರಿದದ್ದು ಟ್ರ್ಯಾಪಿನಲ್ಲೇ ನಿಂತಿರುತ್ತದೆ. ಮಾರನೇ ದಿನ ಬಂದ ಪ್ಲಂಬರ್ ಅದರೊಳಗೆ ಕೈ ಹಾಕುತ್ತಾರೆ. ಈಗಾಗಲೇ ಏನಾದರೂ ಸುರಿದಿದ್ದರೆ ಅವರಿಗೆ ದಯವಿಟ್ಟು ಮೊದಲೇ ಹೇಳಿ. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಚಿಕ್ಕ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಕುದಿಯುವ ನೀರೂ ಬೇಡ. ಪಿವಿಸಿ ಪೈಪುಗಳಿಗೆ ಸುಮಾರು 60 ಡಿಗ್ರಿಗಿಂತ ಮೇಲಿನ ಬಿಸಿ ಒಳ್ಳೆಯದಲ್ಲ, ಅವು ಮೆತ್ತಗಾಗಿ ಬಾಗುತ್ತವೆ.

ಬಕೆಟ್ ಪರೀಕ್ಷೆ

ನೆಲ ಒಣಗಿರುವಾಗ ಜಾಲಿಗೆ ದೂರದ ಮೂಲೆಯಲ್ಲಿ ಅರ್ಧ ಬಕೆಟ್ ನೀರನ್ನು ನಿಧಾನವಾಗಿ ಸುರಿಯಿರಿ. ಸುಮ್ನೆ ನಿಂತು ನೋಡಿ. ನೀರು ಜಾಲಿಯ ಕಡೆಗೆ ಬರದೆ ಗೋಡೆ ಪಕ್ಕ, ಕಮೋಡ್ ಹಿಂದೆ ಅಥವಾ ಬಾಗಿಲ ಹತ್ತಿರ ನಿಂತರೆ ದೋಷ ನೆಲದ ವಾಟದಲ್ಲಿ, ಅಂದರೆ ನೀರು ಹರಿಯಲು ಕೊಡುವ ಇಳಿಜಾರಿನಲ್ಲಿದೆ. ಪೈಪಿಗೂ ಅದಕ್ಕೂ ಸಂಬಂಧ ಇಲ್ಲ. ನೀರು ಜಾಲಿಯವರೆಗೆ ಸಲೀಸಾಗಿ ಬಂದು ಅದರ ಸುತ್ತ ಕೆರೆ ಕಟ್ಟಿದರೆ ಮುಂದಿನ ಹೆಜ್ಜೆ.

ಜಾಲಿಯನ್ನು ಪೂರ್ತಿ ತೆಗೆಯಿರಿ. ಸ್ಕ್ರೂ ಇದ್ದರೆ ಬಿಚ್ಚಿ. ಒಳಗೆ ಬಟ್ಟಲಿನಂಥ ತುಂಡು ಇದ್ದರೆ ಅದನ್ನೂ ಎತ್ತಿ ಪಕ್ಕಕ್ಕಿಡಿ. ಈಗ ಒಂದು ಪೂರ್ತಿ ಬಕೆಟ್ ನೀರನ್ನು ನೇರವಾಗಿ ಟ್ರ್ಯಾಪಿನ ಬಾಯಿಗೇ ಸುರಿಯಿರಿ. ಭರ್ರನೆ ಹೋಯಿತೇ? ಹಾಗಾದರೆ ಪೈಪ್ ಚೆನ್ನಾಗಿದೆ, ತಪ್ಪು ಜಾಲಿಯದ್ದು. ಮೊದಲು ಸ್ವಲ್ಪ ಹೋಗಿ ಆಮೇಲೆ ಮಟ್ಟ ಏರಿತೇ? ಹಾಗಾದರೆ ತಡೆ ಪೈಪಿನೊಳಗೆ ಎಲ್ಲೋ ದೂರದಲ್ಲಿದೆ, ಅಲ್ಲಿಯವರೆಗೆ ಪೈಪ್ ತುಂಬಿಕೊಳ್ಳುವಷ್ಟು ಹೊತ್ತು ನೀರು ಹೋಗಿದೆ. ಸುರಿದ ಕೂಡಲೇ ಮೇಲೆ ಬಂತೇ? ತಡೆ ಟ್ರ್ಯಾಪಿನಲ್ಲೇ, ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ.

ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಕಂಟ್ರ್ಯಾಕ್ಟರ್ ಹತ್ತಿರ ಮಾತಾಡುವಾಗ ನೂರು ಮಾತಿಗಿಂತ ಆ ಒಂದು ವಿಡಿಯೋ ಕೆಲಸಕ್ಕೆ ಬರುತ್ತದೆ.

ಜಾಲಿ

ಹೊಸ ಬಾತ್‌ರೂಮುಗಳಲ್ಲಿ ತುಂಬಾ ಸಲ ತಪ್ಪು ಇಲ್ಲೇ ಇರುತ್ತದೆ, ಬೇಗ ಸರಿಯಾಗುವುದೂ ಇಲ್ಲೇ. ಮೊದಲು ಇದ್ದದ್ದು ಅಗಲ ತೂತುಗಳ ಸಾದಾ ಸ್ಟೀಲ್ ಜಾಲಿ. ಈಗ ಅಂದಕ್ಕೆ ಅಂತ ಟೈಲ್ಸ್ ತುಂಡನ್ನೇ ಮುಚ್ಚಳವಾಗಿ ಕೂರಿಸುವ ಜಾಲಿ ಬಂದಿದೆ. ಅದರಲ್ಲಿ ನೀರು ಇಳಿಯುವುದು ಸುತ್ತಲಿನ ಸಣ್ಣ ಸಂದಿಯಿಂದ ಮಾತ್ರ. ಆ ಸಂದಿಯನ್ನು ವೈಟ್ ಸಿಮೆಂಟ್ ಅಥವಾ ಗ್ರೌಟ್ ಅರ್ಧ ಮುಚ್ಚಿದ್ದರೆ ಮುಗಿಯಿತು. ಕೆಲವು ಜಾಲಿಗಳ ಮೇಲೆ ಗೀರು ಬೀಳದಿರಲಿ ಅಂತ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯೂ ಹಾಗೇ ಉಳಿದಿರುತ್ತದೆ. ಬೆರಳಿನ ಉಗುರಿನಿಂದ ಅಂಚನ್ನು ಕೆರೆದು ನೋಡಿ.

ಆಮೇಲೆ ಜಿರಲೆ ಜಾಲಿ. ಇದರಲ್ಲಿ ಜಾಲಿಯ ಕೆಳಗೆ ಒಂದು ಬಟ್ಟಲು, ಅದರಲ್ಲಿ ಸದಾ ನೀರು, ಆ ನೀರು ದಾಟಿ ಜಿರಲೆ ಮೇಲೆ ಬರಬಾರದು ಅನ್ನುವ ಲೆಕ್ಕ. ನಮ್ಮಲ್ಲಿ ನೆಲದ ಕೆಳಗೆ ಆಗಲೇ ನಹಾನಿ ಟ್ರ್ಯಾಪ್ ಇರುತ್ತದೆ. ಅದರೊಳಗೂ ಸುಮಾರು 50 ಎಂಎಂ ನೀರು ನಿಂತು ವಾಸನೆಯನ್ನೂ ಹುಳುವನ್ನೂ ತಡೆಯುತ್ತದೆ. ಮೇಲೊಂದು ನೀರಿನ ತಡೆ, ಕೆಳಗೊಂದು ನೀರಿನ ತಡೆ ಆದಾಗ ಎರಡರ ನಡುವಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಆ ಗಾಳಿಯೇ ನೀರನ್ನು ಹಿಡಿದು ನಿಲ್ಲಿಸುತ್ತದೆ. ಬಟ್ಟಲು ತೆಗೆದಾಗ ಭರ್ರನೆ ಹೋಗಿ, ಹಾಕಿದಾಗ ನಿಲ್ಲುತ್ತಿದ್ದರೆ ಕಾರಣ ಇದೇ. ಕೆಳಗೆ ಟ್ರ್ಯಾಪ್ ಇರುವುದನ್ನು ಟಾರ್ಚ್ ಹಾಕಿ ಖಾತ್ರಿ ಮಾಡಿಕೊಳ್ಳಿ. ನೀರು ಹೊಳೆಯುವುದು ಕಾಣಿಸಿದರೆ ಬಟ್ಟಲು ಬೇಡ, ಸಾದಾ ಜಾಲಿ ಸಾಕು. ಒಳಗೆ ನೇರ ಪೈಪ್ ಮಾತ್ರ ಇದ್ದು ನೀರು ಕಾಣಿಸದಿದ್ದರೆ ಬಟ್ಟಲನ್ನು ತೆಗೆಯಬೇಡಿ, ವಾಸನೆ ಬರುತ್ತದೆ. ಆಗ ದೊಡ್ಡ ಅಳತೆಯ ಜಾಲಿ ತರಬೇಕು.

ಜಾಲಿ ತೆಗೆದಾಗ ಟೈಲ್ಸ್‌ನಲ್ಲಿ ಕೊರೆದ ತೂತನ್ನೂ ನೋಡಿ. ಟ್ರ್ಯಾಪಿನ ಬಾಯಿ ದೊಡ್ಡದಿದ್ದು ಟೈಲ್ಸ್ ತೂತು ಚಿಕ್ಕದಾಗಿದ್ದರೆ, ಅಥವಾ ತೂತು ಒಂದು ಪಕ್ಕಕ್ಕೆ ಸರಿದಿದ್ದರೆ, ಅದನ್ನು ಕಟರ್‌ನಿಂದ ಅಗಲ ಮಾಡಬಹುದು. ಅರ್ಧ ಗಂಟೆಯ ಕೆಲಸ. ಕತ್ತರಿಸುವಾಗ ಪೈಪಿನೊಳಗೆ ಬಟ್ಟೆ ತುರುಕಿ, ಅದರ ತುದಿಯನ್ನು ಹೊರಗೆ ಕಾಣುವಂತೆ ಬಿಡಿ. ಯಾಕೆ ಅನ್ನುವುದು ಈಗ ಹೇಳುತ್ತೇನೆ.

ಟ್ರ್ಯಾಪಿನೊಳಗೆ ಏನಿರುತ್ತದೆ

ದಾವಣಗೆರೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಆಗಿತ್ತು. ಬಕೆಟ್ ಸುರಿದ ಕೂಡಲೇ ನೀರು ಮೇಲಕ್ಕೆ ಬರುತ್ತಿತ್ತು. ಪ್ಲಂಬರ್ ಹುಡುಗ ಮೊಣಕೈವರೆಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಟ್ರ್ಯಾಪಿನೊಳಗೆ ಕೈ ಹಾಕಿದ. ಮೊದಲು ಬೂದಿ ಬಣ್ಣದ ಕೆಸರು ಬಂತು. ಆಮೇಲೆ ಅವನ ಬೆರಳಿಗೆ ಏನೋ ಸಿಕ್ಕಿತು. ಎಳೆದ, ಬರಲಿಲ್ಲ. ತಿರುಚಿ ಎಳೆದ. ಸಿಮೆಂಟ್ ಚೀಲದ ತುಂಡೊಂದು ಹೊರಗೆ ಬಂತು. ಅದರೊಳಗೆ ಸುತ್ತಿದ ಹಳೇ ಬನಿಯನ್, ಸುತ್ತ ಗಟ್ಟಿಯಾದ ಗ್ರೌಟ್.

"ಅಮ್ಮಾ, ಇದನ್ನ ಯಾರೋ ಕೈಯಾರೆ ಇಟ್ಟಾರೆ ನೋಡ್ರಿ" ಅಂದ.

"ನಾನೇ ಹೇಳಿದ್ನಲ್ಲಪ್ಪಾ, ಒಳಗೆ ಕಸ ಬೀಳ್ದಂಗೆ ಏನಾರ ತುರುಕಿ ಅಂತ" ಅಂದರು ಚಿಕ್ಕಮ್ಮ.

ಹೇಳಿದ್ದು ಸರಿಯೇ. ಕೆಲಸ ನಡೆಯುವಾಗ ಪೈಪಿನ ಬಾಯಿ ಮುಚ್ಚಲೇಬೇಕು. ಆದರೆ ತುರುಕಿದವರು ಒಬ್ಬರು, ಟೈಲ್ಸ್ ಹಾಕಿದವರು ಇನ್ನೊಬ್ಬರು, ಜಾಲಿ ಕೂರಿಸಿದವರು ಮತ್ತೊಬ್ಬರು. ತೆಗೆಯಬೇಕು ಅಂತ ಯಾರಿಗೂ ನೆನಪಿರಲಿಲ್ಲ. ನೀರು ಚೀಲದ ಪಕ್ಕದಿಂದ ಒಸರಿಕೊಂಡು ಹೋಗುತ್ತಿದ್ದರಿಂದ ಪೂರ್ತಿ ಕಟ್ಟಿರಲಿಲ್ಲ, ನಿಧಾನವಾಗಿತ್ತು ಅಷ್ಟೇ. ರಿನೋವೇಶನ್ ಆದ ಮನೆಗಳಲ್ಲಿ ಈ ಕಾರಣವನ್ನು ನಾನು ಮೊದಲು ನೆನೆಯುವುದು ಇದಕ್ಕೇ.

ಎರಡನೆಯದು ಸಿಮೆಂಟ್. ಸಂಜೆ ಕೆಲಸ ಮುಗಿದ ಮೇಲೆ ಕರಣೆ, ಬಾಂಡ್ಲಿ, ಗ್ರೌಟ್ ಕಲಸಿದ ಬಕೆಟ್ ಎಲ್ಲವನ್ನೂ ಅದೇ ಬಾತ್‌ರೂಮಿನಲ್ಲಿ ತೊಳೆಯುತ್ತಾರೆ. ತೆಳು ನೀರಲ್ವಾ, ಹರಿದು ಹೋಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಸಿಮೆಂಟ್ ಗಟ್ಟಿಯಾಗಲು ಒಣಗಬೇಕಿಲ್ಲ, ನೀರಿನೊಳಗೇ ಗಟ್ಟಿಯಾಗುತ್ತದೆ. ಹೊಸ ಗಾರೆಗೆ ನಾವು ದಿನಾ ನೀರು ಹಾಕುವುದೂ ಅದಕ್ಕೇ. ಟ್ರ್ಯಾಪಿನ ತಳದಲ್ಲಿ ಸದಾ ನೀರಿರುತ್ತದೆ. ದಿನಕ್ಕಿಷ್ಟು ಇಳಿದ ಸಿಮೆಂಟ್ ಅಲ್ಲಿ ಪದರ ಪದರವಾಗಿ ಕೂತು, ನೀರಿಗಿರುವ ದಾರಿ ಚಿಕ್ಕದಾಗುತ್ತಾ ಹೋಗುತ್ತದೆ. ಅದರ ಒರಟು ಮೈಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಸೋಪು ನೊರೆಯಾಗುವ ಬದಲು ಬಿಳಿ ಗಷ್ಟಾಗಿ ಅದಕ್ಕೇ ಅಂಟುತ್ತದೆ. ಕೆಲಸ ಮುಗಿದ ತಕ್ಷಣ ಚೆನ್ನಾಗಿದ್ದು, ಎರಡು ಮೂರು ತಿಂಗಳಲ್ಲಿ ನಿಧಾನವಾಗುವುದು ಹೀಗೆ. ದೀಪಾವಳಿಯ ಎಣ್ಣೆಸ್ನಾನ, ಸೀಗೆಪುಡಿ, ಕಡಲೆಹಿಟ್ಟು ಬಂದ ದಿನ ಪೂರ್ತಿ ಕಟ್ಟಿಕೊಂಡರೆ ಸೀಗೆಪುಡಿಯನ್ನು ಬೈಯುವುದು ಬೇಡ. ಅದಕ್ಕೆ ಹಿಡಿದುಕೊಳ್ಳಲು ಜಾಗ ಕೊಟ್ಟದ್ದು ಸಿಮೆಂಟ್.

ತೆಗೆಯುವ ರೀತಿ: ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಿ. ಟ್ರ್ಯಾಪಿನ ನೀರನ್ನು ಚಿಕ್ಕ ಲೋಟದಲ್ಲಿ ಎತ್ತಿ ಹೊರಹಾಕಿ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಸಿಮೆಂಟಿನ ಅಂಚನ್ನು ಮೀಟಿ. ಪಿವಿಸಿಯ ನುಣುಪು ಮೈಗೆ ಸಿಮೆಂಟ್ ಅಷ್ಟೇನೂ ಗಟ್ಟಿಯಾಗಿ ಹಿಡಿಯುವುದಿಲ್ಲ, ತುಂಬಾ ಸಲ ಹೆಂಟೆಯಾಗಿ ಕಳಚಿಕೊಳ್ಳುತ್ತದೆ. ಕಳಚಿದ ಚೂರುಗಳನ್ನು ಕೈಯಿಂದ ಮೇಲಕ್ಕೇ ಎತ್ತಿ, ಒಳಗೆ ತಳ್ಳಬೇಡಿ. ಮುಂದಿನ ಬೆಂಡ್‌ನಲ್ಲಿ ಸಿಕ್ಕಿಕೊಂಡರೆ ಕೈಗೆ ಸಿಗುವುದಿಲ್ಲ. ಉಳಿ ಸುತ್ತಿಗೆ ಅಂತೂ ಬೇಡವೇ ಬೇಡ. ಟ್ರ್ಯಾಪ್ ಬಿರುಕು ಬಿಟ್ಟರೆ ನೀರು ಕೆಳಗಿನ ಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ.

ವಾಟ ತಪ್ಪಿದ್ದರೆ

ಬಕೆಟ್ ಪರೀಕ್ಷೆಯಲ್ಲಿ ನೀರು ಮೂಲೆಯಲ್ಲೇ ನಿಂತಿತು ಅನ್ನೋಣ. ಬಾತ್‌ರೂಮ್ ನೆಲಕ್ಕೆ ಸಾಮಾನ್ಯವಾಗಿ 60ಕ್ಕೆ 1ರಿಂದ 100ಕ್ಕೆ 1ರವರೆಗೆ ವಾಟ ಕೊಡುತ್ತಾರೆ. ಅಂದರೆ ಜಾಲಿಯಿಂದ 1.2 ಮೀಟರ್ ದೂರದ ಮೂಲೆ ಜಾಲಿಗಿಂತ 12ರಿಂದ 20 ಎಂಎಂ ಎತ್ತರ ಇರಬೇಕು. ಒಂದು ರಸಮಟ್ಟ ಅಥವಾ ನೇರವಾದ ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕೇಲಿನಿಂದ ಅಳೆದರೆ ಗೊತ್ತಾಗುತ್ತದೆ. ಮಕ್ಕಳ ಗೋಲಿ ಬಿಟ್ಟರೂ ಅದು ಯಾವ ಕಡೆ ಉರುಳುತ್ತದೆ ಅನ್ನುವುದು ಕಾಣುತ್ತದೆ.

ವಾಟ ತಪ್ಪುವುದಕ್ಕೆ ಎರಡು ಕಾರಣ ಮತ್ತೆ ಮತ್ತೆ ಕಾಣುತ್ತವೆ. ಒಂದು, ಹಳೇ ಟೈಲ್ಸ್ ಕೀಳದೆ ಅದರ ಮೇಲೇ ಹೊಸದನ್ನು ಅಂಟಿಸಿರುವುದು. ನೆಲ ಒಂದೂವರೆ ಸೆಂಟಿಮೀಟರ್ ಏರುತ್ತದೆ, ಬಾಗಿಲ ಹೊಸ್ತಿಲಿನ ಎತ್ತರ ಅಷ್ಟೇ ಇರುತ್ತದೆ. ಹೊಂದಿಸಲು ಹೋಗಿ ವಾಟವನ್ನೇ ಕಡಿಮೆ ಮಾಡುತ್ತಾರೆ. ಇನ್ನೊಂದು, ದೊಡ್ಡ ಟೈಲ್ಸ್. ಒಂದು ಅಡಿಯ ಚೌಕ ಟೈಲ್ಸ್ ನಾಲ್ಕೂ ಕಡೆಯಿಂದ ಜಾಲಿಗೆ ಇಳಿಸಬಹುದು. ಎರಡಡಿ ನಾಲ್ಕಡಿಯ ಹಾಳೆಯನ್ನು ಕರ್ಣದ ಗೆರೆಯಲ್ಲಿ ಕತ್ತರಿಸದೆ ಹಾಗೆ ಇಳಿಸಲು ಆಗುವುದಿಲ್ಲ.

ಇದಕ್ಕೆ ಸುಲಭದ ಪರಿಹಾರ ಇಲ್ಲ. ಮೇಲಿನಿಂದ ಏನಾದರೂ ಬಳಿದು ಸರಿ ಮಾಡುತ್ತೇನೆ ಅಂದರೆ ಒಪ್ಪಬೇಡಿ. ತಗ್ಗಿರುವ ಭಾಗದ ಟೈಲ್ಸ್ ಮಾತ್ರ ಎಬ್ಬಿಸಿ ಮತ್ತೆ ಕೂರಿಸಬೇಕು. ಇದು ಟೈಲ್ಸ್ ಮೇಸ್ತ್ರಿಯ ಕೆಲಸ, ಪೂರ್ತಿ ದುಡ್ಡು ಕೊಡುವ ಮುಂಚೆಯೇ ಮಾಡಿಸಿಕೊಳ್ಳಬೇಕಾದದ್ದು.

ನೆಲ, ಜಾಲಿ, ಟ್ರ್ಯಾಪ್ ಮೂರೂ ಸರಿಯಿದ್ದು ಶವರ್ ಹಾಕಿದಾಗ ಮಾತ್ರ ನೀರು ನಿಂತರೆ ಶವರನ್ನೇ ಅಳೆಯಿರಿ. ಬಕೆಟ್ ಇಟ್ಟು ಒಂದು ನಿಮಿಷ ಬಿಡಿ. ಹಳೇ ಶವರ್ ನಿಮಿಷಕ್ಕೆ 6–8 ಲೀಟರ್ ಬಿಡುತ್ತಿದ್ದಿರಬಹುದು. ಪ್ರೆಶರ್ ಪಂಪ್ ಇರುವ ಮನೆಯ ದೊಡ್ಡ ರೇನ್ ಶವರ್ 15 ಲೀಟರಿಗೂ ಜಾಸ್ತಿ ಬಿಡಬಲ್ಲದು. ಅದೇ ಹಳೇ ಟ್ರ್ಯಾಪಿಗೆ ಎರಡು ಪಟ್ಟು ನೀರು. ಕಾಕ್ ಸ್ವಲ್ಪ ತಿರುಗಿಸಿ ಕಡಿಮೆ ಮಾಡಿದರೆ ಸಾಕು, ನೀರೂ ಉಳಿಯುತ್ತದೆ.

ಬೇಸಿನ್ ಮಾತ್ರ ನಿಧಾನವಾಗಿದ್ದರೆ

ಬೇಸಿನ್ ಕತೆ ಬೇರೆ. ಹೊಸ ಟೇಬಲ್ ಟಾಪ್ ಬೇಸಿನ್‌ಗಳಲ್ಲಿ ಮೇಲಿನ ಓವರ್‌ಫ್ಲೋ ತೂತು (ತುಂಬಿದ ನೀರು ಹೊರಹೋಗುವ ದಾರಿ) ಹೆಚ್ಚಾಗಿ ಇರುವುದಿಲ್ಲ. ಜೊತೆಗೆ ಒತ್ತಿದರೆ ಮುಚ್ಚಿಕೊಳ್ಳುವ ಪಾಪ್ ಅಪ್ ಮುಚ್ಚಳ. ನೀರು ಮುಚ್ಚಳದ ಮೇಲೆ ನಿಂತಾಗ ಕೆಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲ. ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿದಾಗ ಗುಳುಗುಳು ಅನ್ನುತ್ತಾ ತಡೆತಡೆದು ಬೀಳುತ್ತದಲ್ಲ, ಹಾಗೆ. ಮುಚ್ಚಳವನ್ನು ತಿರುಗಿಸಿ ಬಿಚ್ಚಿ ನೀರು ಬಿಟ್ಟು ನೋಡಿ. ಸರಿಯಾಗಿ ಹೋದರೆ ಮುಚ್ಚಳವಿಲ್ಲದ ಸಾದಾ ಜಾಲಿಯ ಕಪ್ಲಿಂಗ್ (ಬೇಸಿನ್ ತಳದ ತೂತಿಗೆ ಕೂರಿಸುವ ತುಂಡು) ಹಾಕಿಸಿ.

ಓವರ್‌ಫ್ಲೋ ತೂತು ಇರುವ ಬೇಸಿನ್ ಆದರೆ ಕಪ್ಲಿಂಗ್ ಯಾವುದು ಅಂತ ಕೇಳಿ. ಅಂಗಡಿಯಲ್ಲಿ ಹಾಫ್ ಥ್ರೆಡ್, ಫುಲ್ ಥ್ರೆಡ್ ಅಂತ ಎರಡು ಸಿಗುತ್ತವೆ. ತೂತಿರುವ ಬೇಸಿನ್‌ಗೆ ಹಾಫ್ ಥ್ರೆಡ್ ಬೇಕು, ಅದರ ಮೈಯಲ್ಲಿ ಓವರ್‌ಫ್ಲೋ ನೀರು ಇಳಿಯಲು ಕಿಂಡಿ ಇರುತ್ತದೆ. ಫುಲ್ ಥ್ರೆಡ್ ಹಾಕಿಬಿಟ್ಟರೆ ಆ ದಾರಿ ಪೂರ್ತಿ ಮುಚ್ಚಿಹೋಗುತ್ತದೆ.

ಇನ್ನು ಬೇಸಿನ್ ಕೆಳಗಿನ ಬಾಟಲಿಯಾಕಾರದ ಬಾಟಲ್ ಟ್ರ್ಯಾಪ್. ಕೆಳಗೆ ಬಕೆಟ್ ಇಟ್ಟು ಅದರ ಬಟ್ಟಲನ್ನು ಕೈಯಿಂದಲೇ ಬಿಚ್ಚಬಹುದು. ಮೇಲಿನಿಂದ ಇಳಿದ ಕೊಳವೆ ಬಟ್ಟಲಿನ ತಳಕ್ಕೆ ತಾಗುವಷ್ಟು ಉದ್ದವಾಗಿದ್ದರೆ ನೀರಿಗೆ ಜಾಗ ಇರುವುದಿಲ್ಲ. ಸ್ವಲ್ಪ ಕತ್ತರಿಸಬೇಕು. ಗೋಡೆಯೊಳಗೆ ಹೋಗುವ ಕೊಳವೆಯದ್ದೂ ಇದೇ ಪಾಡು: ಜಾಸ್ತಿ ಒಳಗೆ ತಳ್ಳಿದ್ದರೆ ಅದರ ತುದಿ ಎಲ್ಬೋದ ಎದುರು ಗೋಡೆಗೆ ಒತ್ತಿಕೊಂಡಿರುತ್ತದೆ. ಒಂದೆರಡು ಸೆಂಟಿಮೀಟರ್ ಹೊರಗೆಳೆದರೆ ನೀರು ಓಡುತ್ತದೆ.

ಪೈಪ್ ಮತ್ತು ಚೇಂಬರ್

ಸ್ವಲ್ಪ ಹೊತ್ತು ಹೋಗಿ ಆಮೇಲೆ ತುಂಬಿಕೊಳ್ಳುವ ಜಾತಿಯ ತಡೆಗೆ ಹೊರಗಿನಿಂದ ಹುಡುಕುವುದು ಒಳ್ಳೆಯದು. ನೆಲಮಹಡಿಯ ಮನೆಯಾದರೆ ಹೊರಗಿನ ಚೇಂಬರ್ ಮುಚ್ಚಳ ತೆಗೆಯಿರಿ. ಒಬ್ಬರು ಒಳಗೆ ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಸುರಿಯಲಿ, ಇನ್ನೊಬ್ಬರು ಚೇಂಬರ್ ಹತ್ತಿರ ನಿಲ್ಲಲಿ. ನೀಲಿ ನೀರು ಬೇಗ, ಜೋರಾಗಿ ಬಂದರೆ ಪೈಪ್ ಸರಿಯಿದೆ. ಸಣ್ಣಗೆ ಒಸರಿದರೆ ತಡೆ ನಡುವೆ ಇದೆ. ಚೇಂಬರೇ ತುಂಬಿ ನಿಂತಿದ್ದರೆ ಬಾತ್‌ರೂಮಿನದ್ದು ಏನೂ ತಪ್ಪಿಲ್ಲ, ತಡೆ ಅದರಾಚೆ ಇದೆ. ಒಡೆದ ಟೈಲ್ಸ್ ಚೂರು, ಮರಳು ಚೇಂಬರಿಗೆ ಬಿದ್ದಿರುವುದು ಸಾಮಾನ್ಯ. ಅದನ್ನು ಎತ್ತಿಸಿ.

ಕಮೋಡ್ ಫ್ಲಶ್ ಮಾಡಿದಾಗ ನೆಲದ ಜಾಲಿಯಲ್ಲಿ ಗುಳ್ಳೆ ಬರುತ್ತದೆಯೇ? ನೀರು ಮೇಲೆ ಬಂದರೆ ಎರಡೂ ಸೇರುವ ಪೈಪಿನಲ್ಲಿ ತಡೆ. ಬರೀ ಗುಳುಗುಳು ಸದ್ದು, ಜೊತೆಗೆ ವಾಸನೆ ಆದರೆ ತಾರಸಿ ಮೇಲಿನ ಏರ್ ಪೈಪ್ ನೋಡಿ ಬನ್ನಿ. ವಾಟರ್‌ಪ್ರೂಫಿಂಗ್ ಮಾಡುವಾಗ ಅಥವಾ ಸೋಲಾರ್ ಕೂರಿಸುವಾಗ ಅದನ್ನು ಕತ್ತರಿಸಿ ಮುಚ್ಚಿರುವ ಮನೆಗಳಿವೆ. ಗಾಳಿ ಬರದ ಪೈಪಿನಲ್ಲಿ ನೀರು ಸರಾಗವಾಗಿ ಇಳಿಯುವುದಿಲ್ಲ, ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ.

ಡಕ್ಟ್‌ನಲ್ಲಿ (ಪೈಪುಗಳಿಗೆಂದು ಬಿಟ್ಟ ಕಿರಿದಾದ ಜಾಗ) ಅಥವಾ ಹೊರಗೋಡೆಯ ಮೇಲೆ ಪೈಪ್ ತಿರುಗುವ ಕಡೆ ಸ್ಕ್ರೂ ಹಾಕಿದ ಚಿಕ್ಕ ಬಾಗಿಲಿರುವ ಬೆಂಡ್ ಇರುತ್ತದೆ. ಅದು ಇರುವುದೇ ಇಂಥ ಹೊತ್ತಿಗೆ. ಅಲ್ಲಿಂದ ಸ್ಪ್ರಿಂಗ್ ವೈರ್ ಬಿಡಬಹುದು. ಬಿಚ್ಚುವವರು ಪಕ್ಕಕ್ಕೆ ನಿಂತು ಬಿಚ್ಚಲಿ, ಹಿಂದೆ ನಿಂತಿದ್ದ ನೀರೆಲ್ಲ ಒಮ್ಮೆಲೇ ಬರುತ್ತದೆ. ಅಪಾರ್ಟ್‌ಮೆಂಟ್ ಆದರೆ ನಿಮ್ಮ ಬಾತ್‌ರೂಮಿನ ಪೈಪ್ ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್ ಮೇಲೆ ಹೋಗಿರಬಹುದು. ಅವರನ್ನು ಕೇಳಿಕೊಂಡು ಅಲ್ಲಿಂದಲೇ ನೋಡುವುದು ನಿಮ್ಮ ನೆಲ ಒಡೆಯುವುದಕ್ಕಿಂತ ಎಷ್ಟೋ ಸುಲಭ.

ವೈರ್ ಸಲೀಸಾಗಿ ಹೋಗುತ್ತದೆ, ಏನೂ ಸಿಗುವುದಿಲ್ಲ, ಆದರೂ ವಾರದೊಳಗೆ ಮತ್ತೆ ನಿಧಾನ. ಹಾಗಾದರೆ ಪೈಪಿನ ವಾಟವೇ ತಪ್ಪಿದೆ ಅಂತ ಅನುಮಾನಿಸಬೇಕು. ಸಂಕನ್ ಸ್ಲ್ಯಾಬಿನಲ್ಲಿ (ಪೈಪುಗಳಿಗಾಗಿ ತಗ್ಗಿಸಿದ ಬಾತ್‌ರೂಮ್ ತಳದ ಕಾಂಕ್ರೀಟ್) ಪೈಪಿನ ಕೆಳಗೆ ಆಸರೆ ಕೊಡದೆ ಇಟ್ಟಿಗೆ ಚೂರು ತುಂಬಿದ್ದರೆ, ಭಾರಕ್ಕೆ ಪೈಪಿನ ನಡುಭಾಗ ಕುಸಿದು ನೀರು ಅಲ್ಲೇ ನಿಲ್ಲುತ್ತದೆ. ಮೊಬೈಲಿಗೆ ಜೋಡಿಸುವ ಉದ್ದ ವೈರಿನ ಕ್ಯಾಮೆರಾ ಇರುವ ಪ್ಲಂಬರನ್ನು ಕರೆಸಿ. ಬಕೆಟ್ ಸುರಿದು ಹತ್ತು ನಿಮಿಷ ಆದ ಮೇಲೂ ಪೈಪಿನ ಯಾವ ಭಾಗದಲ್ಲಿ ಕ್ಯಾಮೆರಾ ನೀರಿನಲ್ಲಿ ಮುಳುಗುತ್ತದೋ ಅದೇ ಕುಸಿದ ಜಾಗ. ವೈರಿನ ಉದ್ದ ಅಳೆದರೆ ಯಾವ ಟೈಲ್ಸ್ ಕೆಳಗೆ ಅಂತ ಗೊತ್ತಾಗುತ್ತದೆ. ಪೈಪಿಗಾಗಿ ನೆಲ ಒಡೆಯಲೇಬೇಕಾದದ್ದು ಇದೊಂದು ಸಂದರ್ಭದಲ್ಲಿ, ಅದೂ ಅಷ್ಟೇ ಜಾಗದಲ್ಲಿ.

ತಡೆ ರಸ್ತೆಯ ಮ್ಯಾನ್‌ಹೋಲಿನಲ್ಲಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಬೇರೆ ಊರುಗಳಲ್ಲಿ ನಗರಸಭೆಗೆ ತಿಳಿಸಿ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಯಂತ್ರದ ಗಾಡಿ ತರಿಸಿ. ದುಡ್ಡು ಕೊಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಒಡೆದು ಪೈಪ್ ಬದಲಿಸುವುದೇ ಆದರೆ

ಪೈಪಿನ ಮೇಲೆ ಐಎಸ್ 13592 (ಭಾರತೀಯ ಮಾನಕದ ಸಂಖ್ಯೆ) ಅಂತ ಇರುವುದನ್ನೂ, ಟೈಪ್ ಬಿ ಅಂತ ಇರುವುದನ್ನೂ ನೋಡಿ. ಟೈಪ್ ಎ ಮಳೆನೀರಿಗೆ, ಗಾಳಿ ಪೈಪಿಗೆ ಮಾತ್ರ. ತಿರುವಿನಲ್ಲಿ ಒಂದೇ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿಸಿ. 110 ಎಂಎಂ ಪೈಪಿಗೆ 40ಕ್ಕೆ 1ರಿಂದ 60ಕ್ಕೆ 1ರ ವಾಟ ಇರಲಿ. ಎರಡು ಮೀಟರ್ ಉದ್ದಕ್ಕೆ ಅದು ಸುಮಾರು 3.3ರಿಂದ 5 ಸೆಂಟಿಮೀಟರ್ ಇಳಿತ. ಪೈಪಿನ ಕೆಳಗೆ ಅಲ್ಲಲ್ಲಿ ಗಟ್ಟಿ ಆಸರೆ ಕೊಡಿಸಿ.

ಮುಚ್ಚುವ ಮುಂಚೆ ಪೈಪಿನ ಹೊರತುದಿಯನ್ನು ಬಿರಡೆ ಹಾಕಿ ಮುಚ್ಚಿಸಿ, ಟ್ರ್ಯಾಪಿನ ಬಾಯಿವರೆಗೆ ನೀರು ತುಂಬಿಸಿ, ಮಟ್ಟದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಯಾವುದೋ ಜಾಯಿಂಟ್ ಸೋರುತ್ತಿದೆ. ಇಳಿದಿಲ್ಲ ಅಂದರೆ ಬಿರಡೆ ತೆಗೆದು ನೀರು ಎಷ್ಟು ಬೇಗ ಹೋಗುತ್ತದೆ ನೋಡಿ. ಪಕ್ಕದಲ್ಲಿ ಅಳತೆ ಟೇಪ್ ಬಿಚ್ಚಿಟ್ಟು, ಗೋಡೆಯಿಂದ ಪೈಪ್ ಎಷ್ಟು ದೂರ ಅನ್ನುವುದು ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಆಮೇಲೆ ಗಾರೆ ಹಾಕಲು ಹೇಳಿ. ಅಷ್ಟು ದಿನವೂ ಪೈಪಿನ ಬಾಯಿಗೆ ತುರುಕುವ ಬಟ್ಟೆ ಕೆಂಪು ಬಣ್ಣದ್ದಿರಲಿ, ಒಂದು ಮೊಳ ಹೊರಗೆ ನೇತಾಡುತ್ತಿರಲಿ.